ರಣರಂಗದಲ್ಲಿ ಕ್ಯಾಮೆರಾ ಹಿಡಿದವರು

ಖಡಕಿಯಲ್ಲಿ ಬಾಳುವೆ ಮಾಡುತ್ತಿರುವ ನಮ್ಮ ಕನ್ನಡ ಬಂಧುಗಳಿಗೆ ಯುದ್ಧವೆಂಬುದು ದೂರದ ಮಾತಲ್ಲ. ಈ ಊರು ಇತಿಹಾಸದಲ್ಲಿ ಪ್ರಸಿದ್ಧವಾದುದೇ ಒಂದು ಕಾಳಗದಿಂದ. 1817ನೆಯ ಇಸವಿ ನವೆಂಬರ್ 5ರಂದು ಎರಡನೆಯ ಬಾಜೀರಾಯ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಇಲ್ಲಿ ಯುದ್ಧ ನಡೆಯಿತು. 1869ರಿಂದ ಇಲ್ಲಿ ಮದ್ದುಗುಂಡಿನ ಕಾರ್ಖಾನೆಯಿದೆ. ಬಾಂಬೆ ಸ್ಯಾಪರ್ಸ್ ಎಂದು ಹೆಸರಾದ ಇಂಜಿನಿಯರ್ ದಳದ ನೆಲೆ ಇಲ್ಲಿಯೇ. ಯುದ್ಧ ಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದ 1,668 ಸಮಾಧಿಗಳು ಸಾಲಾಗಿ ಮಲಗಿವೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿಯಲ್ಲೇ ಜೀವನ ಸವೆಸುತ್ತಿರುವ ಯೋಧರ ಪುನರ್ವಸತಿ ಕೇಂದ್ರವೂ ಇದೇ ಊರಿನಲ್ಲಿದೆ. ಯುದ್ಧದ ಪೂರ್ವಭಾಗವನ್ನೂ ಉತ್ತರಭಾಗವನ್ನೂ ನಾವು ದಿನನಿತ್ಯ ಕಾಣುತ್ತೇವೆ. ಕಾಣದಿರುವುದು ನಡುವಣ ಭಾಗ ಮಾತ್ರ.

ಆ ನಡುವಣ ಭಾಗವನ್ನು ನಮಗೆ ತಂದು ತೋರಿಸುವವರು ಯಾರು? ಹಿಂದೆ ಸಿನಿಮಾ ಮಂದಿರದಲ್ಲಿ ಆಟ ಆರಂಭವಾಗುವ ಮೊದಲು ವಾರ್ತಾಚಿತ್ರ ಓಡುತ್ತಿತ್ತು. ಇಂದು ಅಂಗೈಯ ಮೇಲಿನ ಗಾಜಿನ ತುಂಡಿನಲ್ಲಿ ಓಡುತ್ತದೆ. ಬೆಂಕಿ ಹತ್ತಿದ ಊರು, ಓಡುವ ತಾಯಿ, ಬಿದ್ದ ಸೈನಿಕ, ಇವನ್ನು ನೋಡಿ ನಾವು ನಿಟ್ಟುಸಿರು ಬಿಟ್ಟು ಮುಂದಿನ ಕೆಲಸಕ್ಕೆ ಹೊರಡುತ್ತೇವೆ. ಆ ಚಿತ್ರ ತೆಗೆಯಬೇಕಾದರೆ ಒಬ್ಬನು ಅದೇ ಬೆಂಕಿಯ ಮುಂದೆ, ಅದೇ ಗುಂಡಿನ ದಾರಿಯಲ್ಲಿ ನಿಂತಿದ್ದನೆಂಬ ವಿಚಾರ ನಮ್ಮ ಮನಸ್ಸಿಗೆ ಬರುವುದು ಅಪರೂಪ. ಹೋಟೆಲಿನಲ್ಲಿ ಎಲೆಯ ಮುಂದೆ ಕುಳಿತವನಿಗೆ ಒಲೆಯ ಮುಂದಿನ ಸೆಕೆ ತಿಳಿಯದು. ಆ ಕಸುಬಿನಿಂದಲೇ ಪತ್ರಿಕೆಗೆ ಬಂದ ನಮಗೆ ಈ ಹೋಲಿಕೆ ಸಹಜವಾಗಿ ತೋರುತ್ತದೆ.

ಈ ಲೇಖನಕ್ಕೆ ನಿಮಿತ್ತವೂ ಉಂಟು. ಪುಣೆಗೆ ಬಂದು ನೆಲೆಸಿದ ನಮ್ಮ ಪೈಕಿಯ ಹಿರಿಯರೊಬ್ಬರು ಮೊನ್ನೆ ಬಂದು, “ಸಂಪಾದಕರೇ, ಹುಡುಗ ಕ್ಯಾಮೆರಾ ಕಲಿತ. ಮದುವೆಮನೆಯ ಚಿತ್ರ ತೆಗೆದುಕೊಂಡು ಸುಖವಾಗಿರು ಅಂದರೆ, ಯುದ್ಧ ನಡೆಯುವ ಕಡೆ ಹೋಗಿ ಸಾಕ್ಷ್ಯಚಿತ್ರ ಮಾಡುತ್ತೇನೆ ಅನ್ನುತ್ತಾನೆ. ಬೇಡವೆನ್ನಲೋ, ಹೋಗು ಎನ್ನಲೋ, ನೀವೇ ಹೇಳಿ” ಎಂದರು. ಒಂದು ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಇಂದು ಪರವೂರಿನಲ್ಲಿರುವ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಹೋಟೆಲು, ಅಂಗಡಿ, ಕಾರ್ಖಾನೆಗಳನ್ನು ಬಿಟ್ಟು ಹೊಸ ಕಸುಬುಗಳನ್ನು ಹಿಡಿಯುತ್ತಿದ್ದಾರೆ. ಆದುದರಿಂದ ಈ ಕಸುಬಿನ ಒಳಹೊರಗನ್ನು ಎಲ್ಲರೂ ತಿಳಿಯುವುದು ಒಳ್ಳೆಯದೆಂದು ಭಾವಿಸಿದೆವು.

ನಿಜವೆಷ್ಟು, ನಟನೆಯೆಷ್ಟು?

ಮೊದಲನೆಯ ಮಹಾಯುದ್ಧದಲ್ಲಿಯೂ ಕ್ಯಾಮೆರಾ ರಣರಂಗದಲ್ಲಿತ್ತು. 1914ರ ಅಕ್ಟೋಬರ್ 28ರಂದು ಫ್ರಾನ್ಸಿನ ನವ್ ಶಪೆಲ್ ಎಂಬಲ್ಲಿ ಖಡಕಿಯಿಂದ ಹೋದ ಸ್ಯಾಪರ್ಸ್ ದಳದ ಎರಡು ಕಂಪೆನಿಗಳು ಘೋರ ನಷ್ಟವನ್ನು ಅನುಭವಿಸಿದವು. ಮರುವರ್ಷ ಗರ್ಡ್‌ವುಡ್ ಎಂಬ ಛಾಯಾಗ್ರಾಹಕನು ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರನ್ನು ಚಿತ್ರೀಕರಿಸಿದನು. ಆದರೆ ಅವನ ಕೆಲವು ದೃಶ್ಯಗಳು ಯುದ್ಧಭೂಮಿಯ ಹಿಂದೆ ಸೈನಿಕರಿಂದ ಆಡಿಸಿ ತೆಗೆದವು. 1916ರ ಆಗಸ್ಟಿನಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ದಿ ಸೋಮ್’ ಚಿತ್ರವನ್ನು ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಜನ ನೋಡಿದರೆಂದು ಲೆಕ್ಕವಿದೆ. ಮ್ಯಾಲಿನ್ಸ್ ಮತ್ತು ಮೆಕ್‌ಡೊವೆಲ್ ಎಂಬಿಬ್ಬರು ಅದನ್ನು ತೆಗೆದರು. ಅದರಲ್ಲಿ ಗಾಯಾಳುಗಳು ನಿಜ, ಹೆಣಗಳು ನಿಜ. ಆದರೆ ಸೈನಿಕರು ಕಂದಕವನ್ನು ಹತ್ತಿ ಮುನ್ನುಗ್ಗುವ ಪ್ರಖ್ಯಾತ ದೃಶ್ಯವು ತರಬೇತಿಯ ಶಾಲೆಯಲ್ಲಿ ಆಡಿಸಿದ್ದು.

ಇದಕ್ಕೆ ಕಾರಣ ಕೇವಲ ಕಪಟವಲ್ಲ. ಮುಕ್ಕಾಲಿಯ ಮೇಲೆ ನಿಲ್ಲಿಸಿ ಕೈಯಿಂದ ಹಿಡಿ ತಿರುಗಿಸಬೇಕಾದ ಭಾರದ ಕ್ಯಾಮೆರಾವನ್ನು ಹೊತ್ತು ಕಂದಕದ ಮೇಲೆ ತಲೆಯೆತ್ತಿದವನು ಎರಡನೆಯ ಅಡಿ ಫಿಲ್ಮು ತೆಗೆಯಲು ಉಳಿಯುತ್ತಿರಲಿಲ್ಲ. ಆದರೂ ಕಥಾಚಿತ್ರ ಬೇರೆ, ಸಾಕ್ಷ್ಯಚಿತ್ರ ಬೇರೆ. 1962ರ ಚೀನಾ ಯುದ್ಧವನ್ನು ಕುರಿತು ಚೇತನ್ ಆನಂದರು ಲಡಾಖಿನಲ್ಲಿ ತೆಗೆದ ‘ಹಕೀಕತ್’ (1964) ಕಥಾಚಿತ್ರ. ಅದರ ಕಲಾನಿರ್ದೇಶನಕ್ಕಾಗಿ ನಮ್ಮ ಮೈಸೂರಿನ ಎಂ. ಎಸ್. ಸತ್ಯು ಅವರಿಗೆ ಪ್ರಶಸ್ತಿ ಬಂದಿತು. ಅಲ್ಲಿ ಬಂಕರನ್ನು ಕಟ್ಟಿ ತೋರಿಸುವುದೇ ಕಲೆ. ನೋಡುವವನೂ ಅದನ್ನು ಬಲ್ಲನು. ಆದರೆ ‘ಇದು ನಡೆದದ್ದು’ ಎಂದು ತೋರಿಸುವ ಚಿತ್ರದಲ್ಲಿ ಕಟ್ಟಿದ ಬಂಕರ್ ಇದ್ದರೆ ಅದು ಸುಳ್ಳುಸಾಕ್ಷಿ. ಸಾಕ್ಷ್ಯ ಎಂಬ ಹೆಸರೇ ಈ ಕಸುಬಿನ ಧರ್ಮವನ್ನು ಹೇಳುತ್ತದೆ. ಸಾಕ್ಷಿಯಾದವನು ಸ್ಥಳದಲ್ಲಿ ಇದ್ದಿರಬೇಕು. ಅಪಾಯವೂ ಅಲ್ಲಿಂದಲೇ ಹುಟ್ಟುತ್ತದೆ.

ಒಂದು ನಿಮಿಷದ ಸುರುಳಿ

ಕೈಯಲ್ಲಿ ಹಿಡಿದು ಓಡಬಹುದಾದ ಕ್ಯಾಮೆರಾ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಬೆಲ್ ಅಂಡ್ ಹೋವೆಲ್ ಕಂಪೆನಿಯವರು 1925ರಲ್ಲಿ ತಂದ ‘ಐಮೊ’ ಎಂಬ ಕ್ಯಾಮೆರಾ ಎರಡನೆಯ ಮಹಾಯುದ್ಧದ ವಾರ್ತಾಚಿತ್ರಗಳ ಬೆನ್ನೆಲುಬಾಗಿತ್ತು. ಗಡಿಯಾರದಂತೆ ಕೀಲಿ ಕೊಟ್ಟರೆ ಅದು ಓಡುತ್ತಿತ್ತು. ಅದರೊಳಗೆ ಹಿಡಿಯುತ್ತಿದ್ದುದು 100 ಅಡಿಯ ಸುರುಳಿ. ಸೆಕೆಂಡಿಗೆ 24 ಚಿತ್ರಗಳಂತೆ ಓಡಿಸಿದರೆ ಅದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆಮೇಲೆ ಗುಂಡಿನ ಸುರಿಮಳೆಯ ನಡುವೆಯೇ ನೆರಳು ಹುಡುಕಿ, ಬೆಳಕು ತಾಗದಂತೆ ಸುರುಳಿ ಬದಲಿಸಬೇಕು. ಶಬ್ದ ಅದರಲ್ಲಿ ದಾಖಲಾಗುತ್ತಿರಲಿಲ್ಲ; ಸಿನಿಮಾ ಮಂದಿರದಲ್ಲಿ ಕೇಳಿಸುತ್ತಿದ್ದ ತೋಪಿನ ಸದ್ದು ಸಾಮಾನ್ಯವಾಗಿ ಅನಂತರ ಸೇರಿಸಿದ್ದು. ಇಂದು ಒಂದು ಸಣ್ಣ ಕಾರ್ಡಿನಲ್ಲಿ ಗಂಟೆಗಟ್ಟಲೆ ಚಿತ್ರ ಹಿಡಿಯುತ್ತದೆ. ಅದನ್ನು ತೆಗೆಯುವವನ ಮೈ ಮಾತ್ರ ಅಂದಿನಷ್ಟೇ ಮೆತ್ತಗಿದೆ.

ಈ ಮಾತು ಮನದಟ್ಟಾಗಲು ನಮ್ಮ ನಾಡಿನವರೇ ಆದ ಒಬ್ಬ ವೀರರನ್ನು ನೆನೆಯೋಣ. ಕಾರವಾರದ ಬಳಿಯ ಚೆಂಡಿಯಾ ಗ್ರಾಮದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರು ಬಾಂಬೆ ಸ್ಯಾಪರ್ಸ್ ದಳದ ಅಧಿಕಾರಿಗಳು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾದಿಂದ ರಜೌರಿಗೆ ಹೋಗುವ ಮಾರ್ಗದಲ್ಲಿ ಶತ್ರುಗಳ ಗುಂಡಿಗೆ ಎದುರಾಗಿ ನೆಲಬಾಂಬುಗಳನ್ನು ತೆಗೆದು, ಬಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಒಂದು ಕಡೆ ಟ್ಯಾಂಕಿನ ಅಡಿಯಲ್ಲಿಯೇ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಡುತ್ತ ಮುಂದುವರಿದರು. ಅದಕ್ಕಾಗಿ ಅವರಿಗೆ ಪರಮವೀರ ಚಕ್ರ ದೊರೆಯಿತು; 1994ರಲ್ಲಿ ಅವರು ಪುಣೆಯಲ್ಲಿ ತೀರಿಕೊಂಡರು. ಆ ದೃಶ್ಯವನ್ನು ಚಿತ್ರೀಕರಿಸಬೇಕಾಗಿದ್ದರೆ ಛಾಯಾಗ್ರಾಹಕನೂ ಅದೇ ಟ್ಯಾಂಕಿನ ಅಡಿಯಲ್ಲಿ ತೆವಳಬೇಕಾಗಿತ್ತು. ರಾಣೆಯವರ ಹಿಂದೆ ಸೈನ್ಯವಿತ್ತು, ವೈದ್ಯರಿದ್ದರು, ಪಿಂಚಣಿಯಿತ್ತು. ಸ್ವತಂತ್ರವಾಗಿ ಹೊರಟ ಸಾಕ್ಷ್ಯಚಿತ್ರಕಾರನ ಹಿಂದೆ ಅನೇಕ ವೇಳೆ ಮನೆಯವರ ಚಿಂತೆಯೊಂದೇ ಇರುತ್ತದೆ.

ನಮ್ಮ ದೇಶದ ಕಥೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ರಿಟಿಷ್ ಸರಕಾರವು ಇಲ್ಲಿ ‘ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ಸಂಸ್ಥೆಯನ್ನು ನಡೆಸಿತು. ಯುದ್ಧಪ್ರಚಾರವೇ ಅದರ ಮುಖ್ಯ ಉದ್ದೇಶವಾದುದರಿಂದ ರಾಷ್ಟ್ರವಾದಿಗಳಿಗೆ ಅದು ಹಿಡಿಸಲಿಲ್ಲ. 1946ರಲ್ಲಿ ಅದು ಮುಚ್ಚಿತು. ಇದರ ಪರಿಣಾಮವಾಗಿ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯೋತ್ಸವವನ್ನು ಚಿತ್ರೀಕರಿಸಲು ಸರಕಾರದ ಸ್ವಂತ ಚಿತ್ರಸಂಸ್ಥೆಯೇ ಇರಲಿಲ್ಲ. ಆ ದಿನದ ಚಿತ್ರಗಳಿಗಾಗಿ ನಾವು ಖಾಸಗಿಯವರಿಗೂ ವಿದೇಶೀ ವಾರ್ತಾಚಿತ್ರ ಕಂಪೆನಿಗಳಿಗೂ ಋಣಿಗಳು. ಪ್ರಚಾರಕ್ಕೆಂದೇ ಹಿಡಿದ ಕ್ಯಾಮೆರಾ ಜನರ ವಿಶ್ವಾಸವನ್ನು ಕಳೆದುಕೊಳ್ಳುತ್ತದೆ, ವಿಶ್ವಾಸ ಹೋದಾಗ ಬೇಕಾದ ಕಾಲಕ್ಕೆ ಕ್ಯಾಮೆರಾವೇ ಇಲ್ಲವಾಗುತ್ತದೆ ಎಂಬ ಪಾಠ ಇದರಲ್ಲಿದೆ. 1948ರಲ್ಲಿ ಫಿಲ್ಮ್ಸ್ ಡಿವಿಜನ್ ಸ್ಥಾಪಿತವಾದ ಮೇಲೆ ಈ ಕೊರತೆ ನೀಗಿತು.

1971ರ ಬಾಂಗ್ಲಾದೇಶದ ಯುದ್ಧ ಈ ಕಸುಬಿನ ಎಲ್ಲ ಮುಖಗಳನ್ನೂ ತೋರಿಸಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದ ವರ್ಷವದು. ಢಾಕೆಯ ಚಿತ್ರನಿರ್ದೇಶಕ ಜಹೀರ್ ರೈಹಾನರು ಭಾರತಕ್ಕೆ ದಾಟಿ ಬಂದು ‘ಸ್ಟಾಪ್ ಜಿನೊಸೈಡ್’ ಎಂಬ ಕಿರುಚಿತ್ರವನ್ನು ತೆಗೆದು ಜಗತ್ತಿಗೆ ಕೂಗಿ ಹೇಳಿದರು. ನಮ್ಮ ಎಸ್. ಸುಖದೇವರು ಫಿಲ್ಮ್ಸ್ ಡಿವಿಜನ್ನಿಗಾಗಿ ‘ನೈನ್ ಮಂತ್ಸ್ ಟು ಫ್ರೀಡಮ್’ (1972) ನಿರ್ಮಿಸಿದರು. ಯುದ್ಧ ಮುಗಿದು ವಿಜಯದ ಘೋಷವಾದ ಮೇಲೆ ರೈಹಾನರು ಊರಿಗೆ ಮರಳಿದರು. ಅವರ ಅಣ್ಣ, ಸಾಹಿತಿ ಶಹೀದುಲ್ಲಾ ಕೈಸರರನ್ನು 1971ರ ಡಿಸೆಂಬರ್ 14ರಂದು ಮನೆಯಿಂದ ಎಳೆದೊಯ್ದಿದ್ದರು. ಅಣ್ಣನನ್ನು ಹುಡುಕುತ್ತ 1972ರ ಜನವರಿ 30ರಂದು ಢಾಕೆಯ ಮೀರ್‌ಪುರಕ್ಕೆ ಹೋದ ರೈಹಾನರು ಹಿಂದಿರುಗಲಿಲ್ಲ. ಆಗ ಅವರಿಗೆ ವಯಸ್ಸು 36. ಶಾಂತಿಪತ್ರಕ್ಕೆ ರುಜು ಬಿದ್ದ ದಿನವೇ ಅಪಾಯ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕರುಣಾಜನಕವಾದ ನಿದರ್ಶನ ಬೇಕಿಲ್ಲ.

ಅದೇ ವರ್ಷ ಲಿಯರ್ ಲೆವಿನ್ ಎಂಬ ಅಮೆರಿಕನ್ನನು ನಿರಾಶ್ರಿತರ ಶಿಬಿರಗಳಲ್ಲಿ ಹಾಡುತ್ತ ಸಂಚರಿಸುತ್ತಿದ್ದ ಗಾಯಕರ ತಂಡವೊಂದರೊಡನೆ ತಿರುಗಿ ಸುಮಾರು 20 ಗಂಟೆಗಳಷ್ಟು ಚಿತ್ರೀಕರಿಸಿದನು. ಚಿತ್ರವನ್ನು ಪೂರ್ಣಗೊಳಿಸಲು ಹಣ ಒದಗಲಿಲ್ಲ. ಸುರುಳಿಗಳು ಅವನ ಮನೆಯ ನೆಲಮಾಳಿಗೆಯಲ್ಲಿ ಸುಮಾರು ಎರಡು ದಶಕ ಮಲಗಿದವು. ಬಾಂಗ್ಲಾದೇಶದ ತಾರೇಕ್ ಮಸೂದ್ ಮತ್ತು ಅವರ ಪತ್ನಿ ಕ್ಯಾಥರೀನ್ ಅವನ್ನು ಕಂಡುಹಿಡಿದು 1995ರಲ್ಲಿ ‘ಮುಕ್ತಿರ್ ಗಾನ್’ ಎಂಬ ಚಿತ್ರವನ್ನಾಗಿ ಮಾಡಿದರು. ಯುದ್ಧವನ್ನು ನೋಡದ ತರುಣ ಪೀಳಿಗೆ ಅದನ್ನು ನೋಡಿ ತನ್ನ ನಾಡಿನ ಕಥೆಯನ್ನು ಅರಿತಿತು. ತಾರೇಕರು 2011ರ ಆಗಸ್ಟ್ 13ರಂದು ಹೊಸ ಚಿತ್ರಕ್ಕಾಗಿ ಸ್ಥಳ ನೋಡಿ ಬರುವಾಗ ರಸ್ತೆಯ ಅಪಘಾತದಲ್ಲಿ ಮಡಿದರು. ಅವರೊಡನೆ ಮಡಿದ ಛಾಯಾಗ್ರಾಹಕ ಮಿಶುಕ್ ಮುನೀರರು ಅಫ್ಘಾನಿಸ್ತಾನದಲ್ಲಿ ಕ್ಯಾಮೆರಾ ಹಿಡಿದು ಬದುಕಿ ಬಂದಿದ್ದವರು. ರಣರಂಗದಿಂದ ಪಾರಾದವರನ್ನು ಹೆದ್ದಾರಿ ಕೊಂದಿತು.

ಸುರುಳಿಗಳಿಗೂ ಆಯುಸ್ಸಿದೆಯೆಂಬುದನ್ನು ಪುಣೆಯವರಾದ ನಾವು ಮರೆಯುವಂತಿಲ್ಲ. 1960ರಲ್ಲಿ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ಚಲನಚಿತ್ರ ಸಂಸ್ಥೆ, 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇಲ್ಲಿ ಹುಟ್ಟಿದವು. ಹಳೆಯ ನೈಟ್ರೇಟ್ ಫಿಲ್ಮು ಮದ್ದಿನಂತೆ ಹೊತ್ತಿಕೊಳ್ಳುವಂಥದು. 2003ರ ಜನವರಿ 8ರಂದು ಆ ಆವರಣದಲ್ಲಿ ಎದ್ದ ಬೆಂಕಿ ಎಷ್ಟೋ ಹಳೆಯ ಚಿತ್ರಗಳನ್ನು ಬೂದಿ ಮಾಡಿತು. ಪ್ರಾಣವನ್ನು ಒತ್ತೆಯಿಟ್ಟು ತೆಗೆದ ಚಿತ್ರವನ್ನು ಕಾಪಾಡದೆ ಹೋದರೆ ತೆಗೆದವನ ಶ್ರಮ ಎರಡು ಸಲ ಸತ್ತಂತೆ.

ಕ್ಯಾಮೆರಾ ನಿಲ್ಲದಿದ್ದಾಗ

1973ರ ಜೂನ್ 29ರಂದು ಚಿಲಿ ದೇಶದ ಸಾಂತಿಯಾಗೊ ನಗರದಲ್ಲಿ ಸೈನ್ಯದ ಒಂದು ಭಾಗ ದಂಗೆಯೆದ್ದಾಗ ಲಿಯೊನಾರ್ಡೊ ಹೆನ್ರಿಕ್ಸನ್ ಎಂಬ ಛಾಯಾಗ್ರಾಹಕನು ತನ್ನತ್ತ ಗುರಿಯಿಟ್ಟ ಸೈನಿಕನನ್ನೇ ಚಿತ್ರೀಕರಿಸುತ್ತ ಪ್ರಾಣ ಬಿಟ್ಟನು. ಆ ಚಿತ್ರ ಇಂದಿಗೂ ಇದೆ. ವಿಯೆಟ್ನಾಂ, ಕಾಂಬೋಡಿಯಗಳಲ್ಲಿ ಹತ್ತಾರು ವರ್ಷ ಯುದ್ಧ ಚಿತ್ರೀಕರಿಸಿದ ಆಸ್ಟ್ರೇಲಿಯದ ನೀಲ್ ಡೇವಿಸ್, 1975ರ ಏಪ್ರಿಲ್ 30ರಂದು ಸೈಗಾನಿನ ಅರಮನೆಯ ಬಾಗಿಲು ಮುರಿದು ಟ್ಯಾಂಕು ನುಗ್ಗುವುದನ್ನು ಎದುರಿನಿಂದ ತೆಗೆದವನು. ಅವನು ಸತ್ತದ್ದು 1985ರ ಸೆಪ್ಟೆಂಬರ್ 9ರಂದು, ಬ್ಯಾಂಕಾಕಿನಲ್ಲಿ ಕೆಲವೇ ಗಂಟೆ ನಡೆದು ವಿಫಲವಾದ ದಂಗೆಯಲ್ಲಿ. ಅವನ ಜೊತೆಯ ಧ್ವನಿಗ್ರಾಹಕನೂ ಅಲ್ಲಿಯೇ ಮಡಿದನು. ಕೆಳಗೆ ಬಿದ್ದ ಕ್ಯಾಮೆರಾ ಓಡುತ್ತಲೇ ಇತ್ತು. ಅನುಭವ ಅಪಾಯವನ್ನು ಕಡಿಮೆ ಮಾಡೀತು, ಇಲ್ಲವಾಗಿಸದು.

ಇನ್ನೊಂದು ಪ್ರಸಂಗದಿಂದ ಜಗತ್ತು ಒಂದು ಪಾಠವನ್ನು ಕಲಿಯಿತು. ಅಫ್ಘಾನಿಸ್ತಾನದ ಕೊರಂಗಲ್ ಕಣಿವೆಯಲ್ಲಿ ಸೈನಿಕರ ಜೊತೆ ಬಾಳಿ ‘ರೆಸ್ಟ್ರೆಪೊ’ (2010) ಚಿತ್ರವನ್ನು ಸೆಬಾಸ್ಟಿಯನ್ ಯುಂಗರನೊಡನೆ ನಿರ್ಮಿಸಿದ ಟಿಮ್ ಹೆದರಿಂಗ್ಟನ್ 2011ರ ಏಪ್ರಿಲ್ 20ರಂದು ಲಿಬಿಯದ ಮಿಸ್ರಾತಾದಲ್ಲಿ ಶೆಲ್ಲಿನ ಚೂರು ತಗುಲಿ ಆಸ್ಪತ್ರೆ ಸೇರುವ ಮೊದಲೇ ರಕ್ತ ಸೋರಿ ಸತ್ತನು. ಸುತ್ತಲಿದ್ದವರಿಗೆ ರಕ್ತಸ್ರಾವವನ್ನು ತಡೆಯುವ ವಿಧಾನ ತಿಳಿದಿದ್ದರೆ ಅವನು ಬದುಕುತ್ತಿದ್ದನೇನೋ ಎಂಬ ಸಂಗತಿ ಯುಂಗರನನ್ನು ಕೊರೆಯಿತು. ಅವನು ಸ್ವತಂತ್ರ ಪತ್ರಕರ್ತರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸುವ ಸಂಸ್ಥೆಯನ್ನೇ ಕಟ್ಟಿದನು.

ಪರದೇಶದ ಮಾತೇಕೆ? 2018ರ ಅಕ್ಟೋಬರ್ 30ರಂದು ಛತ್ತೀಸಗಢದ ದಂತೇವಾಡಾ ಜಿಲ್ಲೆಯಲ್ಲಿ ಚುನಾವಣೆಯ ವರದಿಗಾಗಿ ಹೋಗಿದ್ದ ದೂರದರ್ಶನದ ಛಾಯಾಗ್ರಾಹಕ ಅಚ್ಯುತಾನಂದ ಸಾಹು ನಕ್ಸಲೀಯರ ಗುಂಡಿಗೆ ಬಲಿಯಾದರು. ರಕ್ಷಣೆಗಿದ್ದ ಪೊಲೀಸರೂ ಸತ್ತರು. ತಂಡದ ಸಹಾಯಕನೊಬ್ಬನು ಗುಂಡಿನ ಸದ್ದಿನ ನಡುವೆ ನೆಲಕ್ಕೆ ಒರಗಿ, ಬದುಕುವ ಆಸೆ ಬಿಟ್ಟು, ತಾಯಿಗೆಂದು ಮೊಬೈಲಿನಲ್ಲಿ ನಾಲ್ಕು ಮಾತು ದಾಖಲಿಸಿದನು. ಅವನ ಪುಣ್ಯ, ಬದುಕಿ ಬಂದನು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್ಕಿನಲ್ಲಿ ನಮ್ಮ ದೇಶದ ಪ್ರಸಿದ್ಧ ಛಾಯಾಚಿತ್ರಕಾರ ದಾನಿಶ್ ಸಿದ್ದಿಕಿ ಹತರಾದರು.

ಯುದ್ಧವನ್ನು ಹುಡುಕಿಕೊಂಡು ಹೋಗುವವರಷ್ಟೇ ಅಲ್ಲ, ಯುದ್ಧವೇ ಮನೆಬಾಗಿಲಿಗೆ ಬಂದಾಗ ಕ್ಯಾಮೆರಾ ಹಿಡಿದವರೂ ಇದ್ದಾರೆ. ಸಿರಿಯದ ಅಲೆಪ್ಪೊ ನಗರದಲ್ಲಿ ಬಾಂಬು ಬೀಳುತ್ತಿದ್ದ ಆಸ್ಪತ್ರೆಯಲ್ಲಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡೇ ಚಿತ್ರೀಕರಿಸಿದ ವಾದ್ ಅಲ್-ಕತೇಬ್ ಎಂಬ ತಾಯಿ ‘ಫಾರ್ ಸಾಮಾ’ (2019) ಚಿತ್ರವನ್ನು ಮಗಳಿಗೆ ಅರ್ಪಿಸಿದಳು. ಉಕ್ರೇನಿನ ಮಿಸ್ತಿಸ್ಲಾವ್ ಚೆರ್ನೋವ್ 2022ರಲ್ಲಿ ಮುತ್ತಿಗೆಗೆ ಸಿಕ್ಕಿದ ಮರಿಯುಪೋಲಿನಲ್ಲಿ 20 ದಿನ ತೆಗೆದ ಚಿತ್ರಕ್ಕೆ 2024ರಲ್ಲಿ ಆಸ್ಕರ್ ಬಂದಿತು. ಇಂಥವರಿಗೆ ಹಿಂದಿರುಗುವ ಟಿಕೀಟಿಲ್ಲ. ಪರದೇಶದಿಂದ ಬಂದ ಚಿತ್ರಕಾರನಿಗೆ ದಾರಿ ತೋರಿಸುವ, ಭಾಷೆ ತಿಳಿಸುವ ಸ್ಥಳೀಯನಿಗೂ ಇಲ್ಲ. ಚಿತ್ರದ ಕೊನೆಯಲ್ಲಿ ಅವನ ಹೆಸರು ಕಾಣಿಸುವುದೂ ಅದೃಷ್ಟದ ಮಾತು.

ಕಾಣದ ಗಾಯ, ಕಾಗದದ ಕಾನೂನು

ಮೈಯ ಗಾಯಕ್ಕೆ ಪಟ್ಟಿ ಕಟ್ಟಬಹುದು. ಟೊರಾಂಟೊದ ಮನೋವೈದ್ಯ ಆಂಟನಿ ಫೈನ್‌ಸ್ಟೀನ್ 140 ಮಂದಿ ಯುದ್ಧ ವರದಿಗಾರರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರಲ್ಲಿ ಶೇಕಡ 28.6ರಷ್ಟು ಮಂದಿ ಜೀವನದ ಒಂದಲ್ಲ ಒಂದು ಹಂತದಲ್ಲಿ ಆಘಾತಜನ್ಯ ಮನೋರೋಗಕ್ಕೆ ತುತ್ತಾಗಿದ್ದರು. ಇದು ಯುದ್ಧ ಮಾಡಿದ ಸೈನಿಕರಲ್ಲಿ ಕಾಣುವ ಪ್ರಮಾಣಕ್ಕೆ ಸಮೀಪವಾದದ್ದು. ರಾತ್ರಿ ನಿದ್ರೆ ಬಾರದು, ಪಟಾಕಿಯ ಸದ್ದಿಗೆ ಮೈ ಬೆಚ್ಚುತ್ತದೆ, ಮನೆಯವರ ಮಾತು ರುಚಿಸದು. ಹೊರಗಿನವರು ಇದನ್ನು ಕುಡಿತವೆಂದೋ ಅಹಂಕಾರವೆಂದೋ ತಿಳಿಯುತ್ತಾರೆ.

ಕಾನೂನು ಇಲ್ಲವೆಂದಲ್ಲ. 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲನೆಯ ಪ್ರೋಟೊಕಾಲಿನ 79ನೆಯ ವಿಧಿಯಂತೆ ರಣರಂಗದಲ್ಲಿರುವ ಪತ್ರಕರ್ತನು ನಾಗರಿಕನೇ; ಅವನ ಮೇಲೆ ಗುರಿಯಿಡಕೂಡದು. ವಿಶ್ವಸಂಸ್ಥೆಯ ಭದ್ರತಾ ಸಮಿತಿಯೂ 2006ರಲ್ಲಿ 1738ನೆಯ ಠರಾವಿನಿಂದ ಇದನ್ನೇ ಸಾರಿತು. ಆದರೆ ಕಾಗದ ಗುಂಡನ್ನು ತಡೆಯಲಾರದು. ಎದೆಯ ಮೇಲೆ ‘ಪ್ರೆಸ್’ ಎಂದು ಬರೆದ ಕವಚವು ಕೆಲವು ಕಡೆ ರಕ್ಷಣೆ, ಕೆಲವು ಕಡೆ ಗುರಿ.

ಹಿರಿಯರಿಗೂ ಕಿರಿಯರಿಗೂ ಎರಡು ಮಾತು

ಹಾಗಾದರೆ ಮಕ್ಕಳನ್ನು ತಡೆಯಬೇಕೇ? ತಡೆಯಬಾರದೆಂದೇ ನಮ್ಮ ಅಭಿಪ್ರಾಯ. ಎಲ್ಲ ಮನೆಗಳವರೂ ತಡೆದಿದ್ದರೆ 1971ರ ನಿರಾಶ್ರಿತರ ಮುಖ ಜಗತ್ತಿಗೆ ಕಾಣುತ್ತಿರಲಿಲ್ಲ. ಯುದ್ಧ ಹೂಡಿದವರು ಹೇಳಿದ್ದೇ ಇತಿಹಾಸವಾಗುತ್ತಿತ್ತು. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳದೆ ಆಶೀರ್ವಾದ ಮಾಡಲೂಬಾರದು.

ಕಳುಹಿಸುವವರು ಯಾರು, ಬರಹದ ಕರಾರು ಇದೆಯೇ ಎಂದು ಕೇಳಿರಿ. ವಿಮೆಯ ಪತ್ರವನ್ನು ಓದಿರಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಯುದ್ಧದಿಂದಾದ ಹಾನಿಯನ್ನು ಹೊರಗಿಡುವ ಷರತ್ತು ಸಣ್ಣ ಅಕ್ಷರದಲ್ಲಿ ಇರುವುದು ವಾಡಿಕೆ. ರಕ್ತಸ್ರಾವ ತಡೆಯುವುದನ್ನು ಕಲಿತಿದ್ದಾನೆಯೇ, ಆ ಪಟ್ಟಿ ಅವನ ಚೀಲದಲ್ಲಿದೆಯೇ ಎಂದು ವಿಚಾರಿಸಿರಿ. ದಿನಕ್ಕೊಮ್ಮೆ ಯಾರಿಗೆ ಸುದ್ದಿ ಕೊಡುತ್ತಾನೆ, ಸುದ್ದಿ ಬಾರದಿದ್ದರೆ ಯಾರು ಯಾರನ್ನು ಕೇಳಬೇಕು ಎಂಬುದು ಮೊದಲೇ ನಿಶ್ಚಯವಾಗಿರಲಿ. 1993ರಲ್ಲಿ ಮಾಸ್ಕೋದಲ್ಲಿ ಹತನಾದ ರೋರಿ ಪೆಕ್ ಎಂಬ ಸ್ವತಂತ್ರ ಛಾಯಾಗ್ರಾಹಕನ ಹೆಸರಿನಲ್ಲಿ 1995ರಲ್ಲಿ ಸ್ಥಾಪಿತವಾದ ನಿಧಿಯೊಂದು ಇಂಥವರಿಗೂ ಅವರ ಕುಟುಂಬಗಳಿಗೂ ನೆರವಾಗುತ್ತಿದೆ. ಇಂಥ ಆಸರೆಗಳ ವಿವರ ಮನೆಯಲ್ಲಿರಲಿ. ಹಿಂದಿರುಗಿದ ಮೇಲೆ ಅವನು ಮೌನವಾಗಿದ್ದರೆ ಗದರಿಸಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಕಿರಿಯರಿಗೆ ಹೇಳುವುದಿಷ್ಟು. ಆಡಿಸಿ ತೆಗೆದ ದೃಶ್ಯವನ್ನು ನಡೆದದ್ದೆಂದು ತೋರಿಸಬೇಡಿ. ನಿಮಗಿಂತ ಮೊದಲು ಸತ್ತವರ ಸಾಕ್ಷ್ಯಕ್ಕೂ ಅದರಿಂದ ಕಳಂಕ ಬರುತ್ತದೆ. ದಾರಿ ತೋರಿದ ಸ್ಥಳೀಯನನ್ನು ಬಿಟ್ಟು ಬರಬೇಡಿ. ಅಳುವ ತಾಯಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಅವಳೂ ಒಬ್ಬಳು ಮನುಷ್ಯಳೆಂದು ನೆನೆಯಿರಿ. ಯಾವ ದೃಶ್ಯವೂ ನಿಮ್ಮ ಪ್ರಾಣಕ್ಕಿಂತ ದೊಡ್ಡದಲ್ಲ. ಬದುಕಿ ಬಂದವನೇ ಸಾಕ್ಷಿ ಹೇಳಬಲ್ಲನು.

ಇನ್ನು ನೋಡುವವರಾದ ನಮಗೂ ಒಂದು ಕರ್ತವ್ಯವಿದೆ. ಯುದ್ಧದ ಚಿತ್ರ ಕಂಡಾಗ, ಇದನ್ನು ತೆಗೆದವರು ಯಾರು, ಎಲ್ಲಿ ನಿಂತು ತೆಗೆದರು, ನಿಜವಾಗಿ ನಡೆದುದೇ ಎಂದು ಒಂದು ಕ್ಷಣ ವಿಚಾರಿಸುವುದು. ಗೊತ್ತಿಲ್ಲದ ಚಿತ್ರವನ್ನು ಹತ್ತು ಜನರಿಗೆ ಕಳುಹಿಸುವ ಮೊದಲು ಕೈ ತಡೆಯುವುದು. ಪ್ರಾಣಾಪಾಯದಲ್ಲಿ ನಿಂತು ನಿಜವನ್ನು ತಂದವನ ಶ್ರಮಕ್ಕೆ ಸುಳ್ಳನ್ನು ಬೆರೆಸದಿರುವುದೇ ನಾವು ಅವನಿಗೆ ಸಲ್ಲಿಸಬಹುದಾದ ಮೊದಲ ಗೌರವ.